ನಿನ್ನ ತಲೆ ಸವೆದಿಲ್ಲ ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹೊಸ ಕೆಲಸ, ಹೊಸ ಮನೆ, ಎಲ್ಲ ಓದಿದೆ. ಅದಕ್ಕೆಲ್ಲ ನಿನ್ನ ಅಮ್ಮ ಆಗಲೇ ಉತ್ತರ ಕೊಟ್ಟಿರುತ್ತಾಳೆ. ನಾನು ಬರೆಯುತ್ತಿರುವುದು ಕೊನೆಯ ಹಾಳೆಯಲ್ಲಿ, ಸಹಿಗೆ ಮೊದಲು, ನೀನು ಅವಸರದಲ್ಲಿ ಸೇರಿಸಿದ ಆ ಸಾಲುಗಳ ಬಗ್ಗೆ. ಗಟ್ಟಿ ಪುಸ್ತಕ ಹಿಡಿದರೆ ಹತ್ತು ಪುಟಕ್ಕೆ ನಿದ್ದೆ ಬರುತ್ತದೆ, ಪತ್ತೇದಾರಿ ಕಾದಂಬರಿ ಹಿಡಿದರೆ ಬೆಳಗಾಗುತ್ತದೆ, ನನ್ನ ತಲೆಯೇ ಸವೆದು ಹೋಗಿದೆಯೇನೋ ಅಂತ ಭಯ ದೊಡ್ಡಮ್ಮ, ಎಂದು ಬರೆದಿದ್ದೀಯ.

ಆ ಸಾಲು ಓದಿ ಪತ್ರ ಮಡಿಸಿಟ್ಟೆ. ಸಂಜೆ ಮತ್ತೆ ತೆಗೆದು ನೋಡಿದೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಸುಮ್ನೆ ಒಂದು ಮಾತು ಹೇಳಿ ಬಿಡುತ್ತಿದ್ದೆನೋ ಏನೋ. ನೀನು ಬರೆದಿದ್ದಕ್ಕೆ ಬಿಡಲಾಗಲಿಲ್ಲ. ಈ ಭಯವನ್ನು ನಾನು ಬೇರೆ ಬಾಯಲ್ಲಿ ಕೇಳಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಪತ್ತೇದಾರಿ ಪುಸ್ತಕದ ಮಾತು. ಅದು ನಿನ್ನನ್ನು ಬೆಳಗಿನವರೆಗೆ ಕೂರಿಸುತ್ತದೆ ಎಂದರೆ ನಿನ್ನ ತಲೆ ಸೋಮಾರಿಯಾಗಿದೆ ಎಂದಲ್ಲ. ಆ ಬಗೆಯ ಪುಸ್ತಕವನ್ನು ಕಟ್ಟುವುದೇ ಹಾಗೆ. ಮೊದಲ ಕೆಲವು ಪುಟದಲ್ಲೇ ಒಂದು ಪ್ರಶ್ನೆ ನಿನ್ನ ಕೈಗೆ ಬರುತ್ತದೆ. ಯಾರು ಮಾಡಿದರು, ಹೇಗೆ ಮಾಡಿದರು. ಪ್ರಶ್ನೆ ಸ್ಪಷ್ಟವಾಗಿದೆ, ಉತ್ತರ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯೂ ಇದೆ. ಈ ಎರಡೂ ಒಟ್ಟಿಗೆ ಬದುಕಿನಲ್ಲಿ ಎಷ್ಟು ಸಲ ಸಿಗುತ್ತವೆ ಹೇಳು? ಆಮೇಲೆ ಲೇಖಕರು ಸುಳಿವುಗಳನ್ನು ನಿನ್ನ ಕಣ್ಣ ಮುಂದೆಯೇ ಇಡುತ್ತಾರೆ, ಆದರೆ ನಿನ್ನ ಗಮನ ಬೇರೆ ಕಡೆ ಇರುವಾಗ ಇಡುತ್ತಾರೆ. ಕೊನೆಯಲ್ಲಿ ಗಂಟು ಬಿಚ್ಚಿದಾಗ ಅಯ್ಯೋ ಇದು ನನಗೂ ಕಂಡಿತ್ತಲ್ಲ ಅನ್ನಿಸಬೇಕು. ಆ ಕ್ಷಣಕ್ಕೋಸ್ಕರವೇ ಅಷ್ಟೂ ಪುಟ.

ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರಿದ್ದರು. ಅವರೇ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. 1929ರಲ್ಲಿ ಈ ಬಗೆಯ ಕಥೆಗೆ ಹತ್ತು ನಿಯಮ ಬರೆದಿಟ್ಟರು. ಅಪರಾಧಿ ಕಥೆಯ ಆರಂಭದಲ್ಲೇ ಬಂದು ಹೋಗಿರಬೇಕು. ದೇವರು, ದೆವ್ವ ಬಂದು ಗಂಟು ಬಿಡಿಸಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುವವರಿಗೂ ಸಿಗಬೇಕು. ನೋಡು, ಇದು ಓದುವವರಿಗೆ ತಲೆ ಇದೆ ಎಂದು ನಂಬಿದವರು ಬರೆಯುವ ನಿಯಮ. ಮೋಸ ಮಾಡಬಾರದು, ಅವರೂ ಯೋಚಿಸುತ್ತಾರೆ ಅನ್ನುವ ಗೌರವ ಅದರಲ್ಲಿದೆ. ಅಂಥ ಪುಸ್ತಕವನ್ನು ರಾತ್ರಿಯೆಲ್ಲ ಓದುವ ತಲೆ ಸವೆದ ತಲೆ ಹೇಗಾಗುತ್ತದೆ?

ನಿನ್ನ ಭಯ ಬರೆಯುವವರನ್ನೂ ಬಿಟ್ಟಿಲ್ಲ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರಿಗೆ ತಾವು ಬರೆಯಬೇಕಾದದ್ದು ಐತಿಹಾಸಿಕ ಕಾದಂಬರಿ ಎಂಬ ಆಸೆಯಿತ್ತು. ಈ ಪತ್ತೇದಾರ ತಮ್ಮ ಮನಸ್ಸನ್ನು ಇನ್ನೂ ಒಳ್ಳೆಯ ಕೆಲಸದಿಂದ ಈಚೆಗೆ ಎಳೆಯುತ್ತಿದ್ದಾನೆ, ಅವನನ್ನು ಸಾಯಿಸಿಬಿಡುತ್ತೇನೆ ಎಂದು 1891ರಲ್ಲಿ ತಾಯಿಗೆ ಪತ್ರ ಬರೆದರು. ತಾಯಿ ಬೇಡವೇ ಬೇಡ ಎಂದರು. ಕೊನೆಗೆ 1893ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಜಲಪಾತದ ಹತ್ತಿರ ಸಾಯಿಸಿಯೇ ಬಿಟ್ಟರು. ಓದುವವರು ಒಪ್ಪಲಿಲ್ಲ. 1901ರಲ್ಲಿ ಹೋಮ್ಸ್‌ನ ಹಳೆಯ ಪ್ರಕರಣ ಎಂದು ಒಂದು ಕಾದಂಬರಿ ಶುರು ಮಾಡಿದರು. 1903ರಲ್ಲಿ ಅವನು ಸತ್ತೇ ಇರಲಿಲ್ಲ ಎಂದು ಬರೆದು ಮತ್ತೆ ತಂದರು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಆ ತಾಯಿ. ಮಗ ಯಾವುದನ್ನು ಕಡಿಮೆ ಎಂದುಕೊಂಡಿದ್ದನೋ ಅದರಲ್ಲಿ ಏನಿದೆ ಎಂದು ಆಕೆಗೆ ಗೊತ್ತಿತ್ತು.

ಈಗ ನಿನ್ನ ಅಜ್ಜಿಯ ಮಾತು. ಅಜ್ಜಿ ಓದುತ್ತಿದ್ದದ್ದು ನಿನಗೆ ಗೊತ್ತು. ಅಡಗಿಸಿ ಓದುತ್ತಿದ್ದದ್ದು ಗೊತ್ತಿರಲಿಕ್ಕಿಲ್ಲ. ಧಾರಾವಾಹಿ ಬರುವ ಪತ್ರಿಕೆಯನ್ನು ದಿಂಬಿನ ಕೆಳಗೆ ಇಡುತ್ತಿದ್ದರು. ಮನೆಗೆ ಓದಿದವರು ಯಾರಾದರೂ ಬಂದರೆ ಪುಸ್ತಕವನ್ನು ಬೋರಲು ಹಾಕಿ ಎದ್ದು ಹೋಗುತ್ತಿದ್ದರು. ಏನಮ್ಮ ಓದುತ್ತಿದ್ದೀರಿ ಎಂದು ಕೇಳಿದರೆ, "ಏನಿಲ್ಲಪ್ಪ, ನಂಗೆಲ್ಲಿ ಅಷ್ಟೆಲ್ಲ ತಲೆ" ಅನ್ನುತ್ತಿದ್ದರು. ಒಂದು ಕಾದಂಬರಿಯಂತೂ ರಟ್ಟು ಬಿಟ್ಟು ಹೋಗುವಷ್ಟು ಸಲ ಓದಿದ್ದರು. ಅದರಲ್ಲಿ ಯಾರು ಯಾರನ್ನು ಮದುವೆಯಾಗುತ್ತಾರೆ, ಯಾರು ಸಾಯುತ್ತಾರೆ ಎಲ್ಲ ಬಾಯಿಪಾಠ. ಆದರೂ ಅದೇ ಜಾಗ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆ ಪುಸ್ತಕದಲ್ಲಿ ಅವರಿಗೆ ಏನು ಸಿಗುತ್ತಿತ್ತು ಎಂದು ಕೇಳಬೇಕು ಅಂತ ನನಗೆ ಹೊಳೆಯುವ ಹೊತ್ತಿಗೆ ಅವರಿರಲಿಲ್ಲ. ಈ ಪತ್ರ ಇಷ್ಟು ಉದ್ದವಾಗುತ್ತಿರುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಮುಗಿಯುವುದು ಗೊತ್ತಿದ್ದ ಕಥೆಯಲ್ಲಿ ಏನು ಸುಖ ಎಂದು ನಾನು ಬಹಳ ಯೋಚಿಸಿದ್ದೇನೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕೇಂದ್ರದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದೇ ಕಥೆಯನ್ನು ಕೆಲವರಿಗೆ ಹಾಗೇ ಕೊಟ್ಟರು, ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಕೊಟ್ಟರು. ಕೊನೆ ಗೊತ್ತಿದ್ದವರೇ ಕಥೆಯನ್ನು ಸ್ವಲ್ಪ ಜಾಸ್ತಿ ಮೆಚ್ಚಿದರು. ಪತ್ತೇದಾರಿ ಕಥೆಗಳಲ್ಲೂ ಹಾಗೇ ಆಯಿತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಅದಕ್ಕೇ ನಾನು ಅದನ್ನೇ ಕೊನೆಯ ಮಾತು ಅನ್ನುವುದಿಲ್ಲ. ಆದರೆ ಅಜ್ಜಿಯನ್ನು ನೋಡಿದವಳಿಗೆ ಆಶ್ಚರ್ಯವಾಗಲಿಲ್ಲ. ಮುಂದೇನು ಅನ್ನುವ ಆತುರ ಹೋದ ಮೇಲೆ ಕಾಣುವುದೇ ಬೇರೆ. ಆ ಹುಡುಗಿ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ ಹೇಳದೆ ತಿರುಗಿದ್ದು ಮೊದಲ ಸಲ ಓದುವಾಗ ಕಾಣುವುದೇ ಇಲ್ಲ. ಮುಂದಿನ ಪುಟ ಕರೆಯುತ್ತಿರುತ್ತದೆ.

ಅಂದರೆ ಸುಖ ಒಂದೇ ಬಗೆಯದಲ್ಲ ಪುಟ್ಟಿ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸ ಹೇಳಿದರು. ಅದರಲ್ಲಿ ಭಯಾನಕವೂ ಇದೆ, ಬೀಭತ್ಸವೂ ಇದೆ, ಅದ್ಭುತವೂ ಇದೆ, ಹಾಸ್ಯವೂ ಇದೆ. ಎದೆ ಡವಡವ ಅನ್ನಿಸುವುದನ್ನೂ ಬಾಯ್ತುಂಬ ನಗಿಸುವುದನ್ನೂ ಆ ಕಾಲಕ್ಕೇ ಸಾಲಿನಲ್ಲಿ ಕೂರಿಸಿ ಜಾಗ ಕೊಟ್ಟಿದ್ದಾರೆ. ನಾವೇ ಆಮೇಲೆ ಮೇಲು ಕೀಳು ಮಾಡಿಕೊಂಡೆವು.

ನಾನೂ ಆ ಮೇಲು ಕೀಳಿನಲ್ಲೇ ಬೆಳೆದವಳು. ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ತರಗತಿಯ ಮಧ್ಯೆ ನನ್ನ ಚೀಲದಿಂದ ಜಾರಿದ ಕಾದಂಬರಿಯನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಇಂಥದ್ದನ್ನು ಓದುವವರು ಸಾಹಿತ್ಯ ಯಾಕೆ ತೆಗೆದುಕೊಳ್ಳುತ್ತೀರಿ ಎಂದರು. ಅವರು ಒಳ್ಳೆಯ ಮೇಷ್ಟ್ರೇ. ಅವರು ಕಲಿಸಿದ ಎಷ್ಟೋ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಆದರೆ ಆ ಎರಡು ಬೆರಳು ನನಗೆ ಮರೆಯಲಿಲ್ಲ. ಅದಾದ ಮೇಲೆ ಬಹಳ ವರ್ಷ ನಾನು ಪೆನ್ಸಿಲ್ ಹಿಡಿದೇ ಓದಿದೆ. ಗೆರೆ ಎಳೆಯುತ್ತ, ಇದು ಮುಖ್ಯ, ಇದನ್ನು ಯಾರ ಮುಂದಾದರೂ ಹೇಳಬಹುದು ಅಂದುಕೊಳ್ಳುತ್ತ. ಓದಿದ್ದೆಲ್ಲ ದೊಡ್ಡ ಪುಸ್ತಕಗಳೇ. ಅವುಗಳಲ್ಲಿ ಎಷ್ಟೋ ನನಗೆ ನಿಜವಾಗಿ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಪೆನ್ಸಿಲ್ ಇಲ್ಲದೆ ಎರಡನೇ ಸಲ ಓದಿದಾಗ.

ನಿನ್ನ ಪತ್ರದಲ್ಲಿ ಆ ಓದುಗರ ಗುಂಪಿನ ಮಾತು ಇದೆಯಲ್ಲ, ಎಲ್ಲರೂ ಆ ಕಾದಂಬರಿಯನ್ನು ಮುಗಿಸಿ ಮಾತಾಡುತ್ತಿದ್ದರು, ನಾನು ಮಾತ್ರ ಸುಮ್ಮನೆ ಕೂತಿದ್ದೆ ಎಂದು. ಅದನ್ನು ಓದಿದಾಗ ನನಗೆ ಆ ತರಗತಿ ನೆನಪಾಯಿತು. ನಿನ್ನನ್ನು ಯಾರೂ ಏನೂ ಅಂದಿಲ್ಲ, ಗೊತ್ತು. ಅನ್ನುವುದು ಬೇಕಾಗಿಯೂ ಇಲ್ಲ. ಒಳಗೇ ಒಬ್ಬರು ಕೂತುಬಿಡುತ್ತಾರೆ. ನೀನು ಪುಟ ತೆರೆದ ಕೂಡಲೇ ಆಯ್ತಾ, ಅರ್ಥವಾಯಿತಾ, ಇಷ್ಟವಾಯಿತಾ, ಯಾಕೆ ಆಗಲಿಲ್ಲ ಎಂದು ಕೇಳುತ್ತಲೇ ಇರುತ್ತಾರೆ. ಹೀಗೆ ನಿನ್ನನ್ನೇ ನೀನು ನೋಡಿಕೊಳ್ಳುತ್ತ ಓದಿದರೆ ಪುಸ್ತಕ ಕಾಣುವುದಾದರೂ ಹೇಗೆ? ಪತ್ತೇದಾರಿ ಪುಸ್ತಕ ಹಿಡಿದಾಗ ಆ ಒಳಗಿನವರು ಎದ್ದು ಹೋಗುತ್ತಾರೆ, ಯಾಕೆಂದರೆ ಅಲ್ಲಿ ನಿನ್ನ ಪರೀಕ್ಷೆ ಇಲ್ಲ. ನಿನ್ನ ಭಯಕ್ಕೆ ಮುಕ್ಕಾಲು ಪಾಲು ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ.

ಉಳಿದ ಕಾಲು ಪಾಲು ಆ ಗಟ್ಟಿ ಪುಸ್ತಕದ್ದೇ. ಅದೂ ಸುಳ್ಳಲ್ಲ. ದೊಡ್ಡ ಕಾದಂಬರಿಗಳು ಬಹಳಷ್ಟು ತಡವಾಗಿ ಬಾಗಿಲು ತೆರೆಯುತ್ತವೆ. ಮೊದಲ ಐವತ್ತು ಪುಟ ಹೆಸರುಗಳೇ. ಯಾರು ಯಾರಿಗೆ ಏನಾಗಬೇಕು, ಆ ಮನೆಯಲ್ಲಿ ಹಿಂದೆ ಏನು ನಡೆದಿತ್ತು, ಎಲ್ಲ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಪ್ರಶ್ನೆ ಇಲ್ಲವೆಂದಲ್ಲ. ಈ ಮನುಷ್ಯ ಹೀಗೇಕೆ ಆದ ಅನ್ನುವ ಪ್ರಶ್ನೆ ಇರುತ್ತದೆ. ಆದರೆ ಆ ಮನುಷ್ಯ ನಮಗೆ ಬೇಕಾದವನಾದ ಮೇಲೆ ತಾನೇ ಆ ಪ್ರಶ್ನೆ ನಮ್ಮದಾಗುವುದು? ಅಲ್ಲಿಯವರೆಗೆ ಓದುವವರೇ ದುಡಿಯಬೇಕು. ದಿನವಿಡೀ ದುಡಿದು ಬಂದು, ರಾತ್ರಿ ಹಾಸಿಗೆಯಲ್ಲಿ, ಮತ್ತೆ ಅಂಥ ದುಡಿಮೆಗೆ ಕೂತರೆ ನಿದ್ದೆ ಬಾರದೆ ಇನ್ನೇನು ಬರುತ್ತದೆ?

ಕಣ್ಣಿನ ಕೆಲಸವನ್ನೇ ನೋಡು. ನಾವು ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ಹಾರಿ ಹಾರಿ ಹೋಗುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ವಾಕ್ಯ ಕಷ್ಟವಾದಷ್ಟೂ ಜಾಸ್ತಿ ಹೊತ್ತು ನಿಲ್ಲುತ್ತದೆ, ಜಾಸ್ತಿ ಸಲ ಹಿಂದಕ್ಕೆ ಹೋಗುತ್ತದೆ. ದಣಿದ ಹೊತ್ತಿನಲ್ಲಿ ಅದನ್ನೆಲ್ಲ ಮಾಡಿಸುತ್ತಿದ್ದೀಯ, ಆಮೇಲೆ ತಲೆ ಸವೆಯಿತು ಅಂತ ಬೈದುಕೊಳ್ಳುತ್ತಿದ್ದೀಯ.

ಇನ್ನೊಂದು. ನೀನು ಬೇಗ ಬೇಗ ಪುಟ ತಿರುಗುವುದನ್ನೇ ಸುಖದ ಗುರುತು ಎಂದುಕೊಂಡ ಹಾಗಿದೆ. ವಿಕ್ಟರ್ ನೆಲ್ ಎಂಬ ದಕ್ಷಿಣ ಆಫ್ರಿಕಾದ ಮನಶ್ಶಾಸ್ತ್ರಜ್ಞ ಸಂತೋಷಕ್ಕಾಗಿ ಓದುವವರನ್ನೇ ಹುಡುಕಿ, ವರ್ಷಗಟ್ಟಲೆ ಅಧ್ಯಯನ ಮಾಡಿ 1988ರಲ್ಲಿ ಒಂದು ಪುಸ್ತಕ ತಂದರು. ಓದುವವರು ತಮಗೆ ತುಂಬ ಇಷ್ಟವಾದ ಪುಟಗಳಲ್ಲಿ ವೇಗ ಕಡಿಮೆ ಮಾಡುತ್ತಾರೆ ಎಂದು ಅದರಲ್ಲಿ ತೋರಿಸಿದ್ದಾರೆ. ಮುಗಿದುಹೋಗದಿರಲಿ ಎಂದು ಉಳಿಸಿಕೊಂಡು ತಿನ್ನುವ ಮಗುವಿನ ಹಾಗೆ. ದೊಡ್ಡ ದೊಡ್ಡ ಪುಸ್ತಕ ಮೆಚ್ಚುವವರೇ ತಾವು ಕಡಿಮೆ ದರ್ಜೆಯದೆಂದು ಎಣಿಸಿದ ಪುಸ್ತಕಗಳನ್ನೂ ಸಂತೋಷವಾಗಿ ಓದುತ್ತಾರೆ ಎನ್ನುವುದನ್ನೂ ಅವರು ಕಂಡರು. ನನಗೆ ಆ ಮಾತು ಎಷ್ಟು ಸಮಾಧಾನ ಕೊಟ್ಟಿತು ಎಂದರೆ, ಅಜ್ಜಿಗೆ ಇದನ್ನು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಏನು ಮಾಡಬೇಕು ಎಂದು ಕೇಳಿದ್ದೀಯ. ನನ್ನ ಹತ್ತಿರ ಹೆಚ್ಚೇನಿಲ್ಲ. ಆ ಕಾದಂಬರಿಯನ್ನು ರಾತ್ರಿ ಮುಟ್ಟಬೇಡ. ರಜೆಯ ದಿನ ಬೆಳಿಗ್ಗೆ ಒಂದರ್ಧ ಗಂಟೆ ನೋಡು. ಹೆಸರುಗಳು ಗೋಜಲಾದರೆ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೋ. ಇದರಲ್ಲಿ ನಾಚಿಕೆ ಏನೂ ಇಲ್ಲ, ನಾನು ಈಗಲೂ ಮಾಡುತ್ತೇನೆ. ಒಂದೆರಡು ಪುಟ ಗಟ್ಟಿಯಾಗಿ ಓದಿ ನೋಡು. ಕೆಲವು ಲೇಖಕರ ವಾಕ್ಯ ಕಿವಿಗೆ ಬಿದ್ದರೆ ಮಾತ್ರ ರುಚಿಸುತ್ತದೆ. ಇವೆಲ್ಲ ನನಗೆ ಆಗಿಬಂದದ್ದು. ನಿನಗೆ ಆಗಿಬರದಿದ್ದರೆ ಬಿಡು.

ಮುಗಿಸದಿದ್ದರೂ ನಡೆಯುತ್ತದೆ. ಫ್ರಾನ್ಸಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹಕ್ಕುಗಳು ಎಂದು ಹತ್ತನ್ನು ಪಟ್ಟಿ ಮಾಡಿದರು. ಮೊದಲನೆಯದೇ ಓದದೆ ಇರುವ ಹಕ್ಕು. ಆಮೇಲೆ ಪುಟ ಹಾರಿಸುವ ಹಕ್ಕು, ಪುಸ್ತಕ ಮುಗಿಸದೆ ಇರುವ ಹಕ್ಕು, ಮತ್ತೆ ಓದುವ ಹಕ್ಕು. ಮಕ್ಕಳಿಗೆ ಪಾಠ ಹೇಳಿದವರೇ ಇದನ್ನು ಬರೆದರು ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ನನ್ನ ತರಗತಿಗೂ ಅಂಥವರೊಬ್ಬರು ಬಂದಿದ್ದರೆ ಎಂದು ಈಗಲೂ ಆಸೆಯಾಗುತ್ತದೆ.

ಬರೀ ಕಾದಂಬರಿಗೇ ಅಂಟಿಕೊಳ್ಳಬೇಕೆಂದೂ ಇಲ್ಲ. ಪ್ರವಾಸ ಕಥನ, ಆತ್ಮಕಥೆ, ಯಾರೋ ಯಾರಿಗೋ ಬರೆದ ಪತ್ರಗಳು, ಇವುಗಳಲ್ಲಿ ಸುಖ ಕೊಡುವುದು ಕಥೆಯಲ್ಲ, ಒಂದು ದನಿ. ಆ ಮನುಷ್ಯ ನಮ್ಮ ಪಕ್ಕ ಕೂತು ಮಾತಾಡಿದ ಹಾಗೆ. ಎಲ್ಲಿಂದ ಬೇಕಾದರೂ ಓದಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಿನಗೆ ಚಿಕ್ಕಂದಿನಲ್ಲಿ ಅಂಥವು ಇಷ್ಟ ಇತ್ತು, ನೆನಪಿದೆಯಾ?

ಪತ್ತೇದಾರಿ ಪುಸ್ತಕ ಬಿಡು ಎಂದು ಮಾತ್ರ ನಾನು ಹೇಳುವುದಿಲ್ಲ. ನಿನ್ನ ದೊಡ್ಡಪ್ಪನ ಆ ವರ್ಷದ ಬಗ್ಗೆ ನಿನಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಆಗ ನನ್ನಿಂದ ಓದಲು ಆಗುತ್ತಿದ್ದದ್ದು ಪತ್ತೇದಾರಿ ಪುಸ್ತಕಗಳು ಮಾತ್ರ. ಕವಿತೆ ತೆಗೆದರೆ ಎರಡು ಸಾಲಿಗೆ ಮುಚ್ಚುತ್ತಿದ್ದೆ. ದೊಡ್ಡ ಕಾದಂಬರಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮುಂದೆ ಓದಲಾಗುತ್ತಿರಲಿಲ್ಲ. ಪತ್ತೇದಾರಿ ಪುಸ್ತಕದಲ್ಲಿ ಸಾವು ಮೊದಲ ಪುಟದಲ್ಲೇ ಆಗಿಹೋಗಿರುತ್ತದೆ. ಅದಕ್ಕೊಂದು ಕಾರಣ ಇರುತ್ತದೆ. ಯಾರೋ ಬುದ್ಧಿವಂತರು ಬಂದು ಕಾರಣ ಹುಡುಕಿಯೇ ಹುಡುಕುತ್ತಾರೆ. ನನಗೆ ಆಗ ಬೇಕಿದ್ದದ್ದು ಅದೇ. ಪುಸ್ತಕಗಳು ನನ್ನನ್ನು ಆ ವರ್ಷ ದಾಟಿಸಿದವು. ಆಮೇಲೆ ಒಂದು ದಿನ, ಯಾವಾಗ ಎಂದು ನೆನಪಿಲ್ಲ, ಕವಿತೆಯ ಪುಸ್ತಕ ಕೈಗೆ ಬಂತು, ಓದಿದೆ. ಹೋಗಿದೆ ಎಂದುಕೊಂಡಿದ್ದು ಎಲ್ಲೂ ಹೋಗಿರಲಿಲ್ಲ.

ಇದನ್ನು ಬರೆಯುವಾಗಲೇ ನನ್ನ ಮನಸ್ಸಿನಲ್ಲಿದ್ದದ್ದು ಸರಿಯಾಗಿ ಗೊತ್ತಾಯಿತು. ನಿನ್ನ ಆ ಸಾಲಿನಲ್ಲಿ ನನ್ನನ್ನು ಕಾಡಿದ್ದು ತಲೆ ಸವೆಯಿತು ಅನ್ನುವುದಷ್ಟೇ ಅಲ್ಲ. ಬೆಳಗಾಗುತ್ತದೆ ಅನ್ನುವುದು. ಆ ವರ್ಷ ನಾನೂ ಬೆಳಗಿನವರೆಗೆ ಓದುತ್ತಿದ್ದೆ. ಪುಸ್ತಕ ಚೆನ್ನಾಗಿದೆ ಎಂದು ಕೆಲವು ರಾತ್ರಿ. ಪುಸ್ತಕ ಮುಚ್ಚಿದರೆ ಯೋಚನೆ ಶುರುವಾಗುತ್ತದೆ ಎಂದು ಬಹಳ ರಾತ್ರಿ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಓದುವವರಿಗೆ ಮಾತ್ರ ಗೊತ್ತಿರುತ್ತದೆ. ಸಂತೋಷದಿಂದ ಓದಿದ್ದರೆ ಕೊನೆಯ ಪುಟ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇವೆ, ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಇಲ್ಲದಿದ್ದರೆ ಕೈ ಆಗಲೇ ಇನ್ನೊಂದು ಪುಸ್ತಕ ಹುಡುಕುತ್ತಿರುತ್ತದೆ, ಈಗ ಓದಿದ್ದರಲ್ಲಿ ಕೊಲೆಗಾರ ಯಾರು ಎಂದು ಕೇಳಿದರೂ ನೆನಪಿರುವುದಿಲ್ಲ.

ನಿನ್ನದು ಯಾವುದು ಪುಟ್ಟಿ? ಮೊದಲನೆಯದಾದರೆ ನಿನ್ನ ಭಯಕ್ಕೆ ಬುಡವೇ ಇಲ್ಲ, ನೆಮ್ಮದಿಯಾಗಿ ಓದು. ಎರಡನೆಯದಾದರೆ ಅದು ಪುಸ್ತಕದ ವಿಷಯ ಅಲ್ಲ. ಆಗ ಪತ್ರಕ್ಕೆ ಕಾಯಬೇಡ, ಫೋನ್ ಮಾಡು. ಎಷ್ಟು ಹೊತ್ತಿಗಾದರೂ ಸರಿ. ಅಮ್ಮನಿಗೆ ಹೇಳಬೇಡ ಅಂದರೆ ಹೇಳುವುದಿಲ್ಲ. ನಾನೇ ತಪ್ಪು ತಿಳಿದುಕೊಂಡು ಇಲ್ಲದ್ದನ್ನು ಊಹಿಸುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಆ ಗಟ್ಟಿ ಕಾದಂಬರಿಯ ಹೆಸರು ನೀನು ಬರೆದೇ ಇಲ್ಲ. ಯಾವುದು, ಎಷ್ಟನೇ ಪುಟದಲ್ಲಿ ನಿಂತಿದ್ದೀಯ, ಎರಡನ್ನೂ ತಿಳಿಸು. ನಾನೂ ತರಿಸಿಕೊಂಡು ಓದುತ್ತೇನೆ. ನನಗೂ ಅಲ್ಲೇ ನಿದ್ದೆ ಬಂದರೆ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಮತ್ತೆ ನೀನು ಇತ್ತೀಚೆಗೆ ಓದಿದ ಪತ್ತೇದಾರಿ ಪುಸ್ತಕಗಳಲ್ಲಿ ಒಳ್ಳೆಯದೊಂದನ್ನು ನನಗೆ ಕಳಿಸು. ಕೊಲೆಗಾರ ಯಾರು ಎಂದು ಮಾತ್ರ ಹೇಳಬೇಡ.

ಇಂತಿ,
ನಿನ್ನ ದೊಡ್ಡಮ್ಮ